ನೋ ಡ್ಯೂ ಸರ್ಟಿಫಿಕೇಟ್ ತಗೊಂಡ್ರಾ?

ನಮ್ಮ ಕಡೆ ಇಂಜಿನಿಯರಿಂಗ್ ಮುಗಿಸಿ ಬಂದವರಿಗೆಲ್ಲ ಇದು ನೆನಪಿರುತ್ತೆ. ಕೊನೆಯ ಸೆಮಿಸ್ಟರಿನಲ್ಲಿ ನೋ ಡ್ಯೂ ಫಾರಂ ಹಿಡಿದುಕೊಂಡು ಲೈಬ್ರರಿ, ಲ್ಯಾಬ್, ಹಾಸ್ಟೆಲ್, ಅಕೌಂಟ್ಸ್ ಸೆಕ್ಷನ್ ಅಂತ ಸಹಿಗಾಗಿ ಅಲೆಯೋದು. ಲ್ಯಾಬ್ ಅಟೆಂಡರ್ ಊಟಕ್ಕೆ ಹೋಗಿರ್ತಾರೆ, ಲೈಬ್ರರಿಯವರು ಮೂರನೇ ಸೆಮಿಸ್ಟರಿನಲ್ಲಿ ತಗೊಂಡ ಯಾವುದೋ ಪುಸ್ತಕಕ್ಕೆ ಹನ್ನೆರಡು ರೂಪಾಯಿ ಫೈನ್ ಬಾಕಿ ಇದೆ ಅಂತಾರೆ. ಎಲ್ಲರ ಹಾಗೆ ನಾನೂ ಬೈದುಕೊಂಡೇ ಓಡಾಡಿದ್ದೆ. ಆ ಹನ್ನೆರಡು ರೂಪಾಯಿ ಅವತ್ತೇ ಕೇಳಿದರಲ್ಲ, ಅದು ಎಂಥಾ ಉಪಕಾರ ಅಂತ ಅರ್ಥವಾಗಿದ್ದು ಅಮೆರಿಕಕ್ಕೆ ಬಂದು ಏಳು ವರ್ಷ ಆದಮೇಲೆ, ಮನೆ ಸಾಲಕ್ಕೆ ಅರ್ಜಿ ಹಾಕಿ ಬೇಡ ಅನ್ನಿಸಿಕೊಂಡ ದಿನ.

ನಾನು ಇದೇ ಯೂನಿವರ್ಸಿಟಿಯಲ್ಲಿ 2014ರಿಂದ 2016ರವರೆಗೆ ಎಂ.ಎಸ್. ಮಾಡಿದವನು. ಈಗ ಕೊಲಂಬಸ್ ಹತ್ತಿರ ಕೆಲಸದಲ್ಲಿದ್ದೇನೆ. ಪ್ರತಿ ವರ್ಷ ಈ ಪುಸ್ತಿಕೆಗೆ ಏನಾದರೂ ಬರೆದುಕೊಡಿ ಅಂತ ನಮ್ಮ ಸಂಘದ ಹುಡುಗರು ಕೇಳ್ತಾರೆ, ನಾನು ಮೈಸೂರು ದಸರಾ, ಊರ ಜಾತ್ರೆ ಅಂತ ಏನೋ ಬರೆದು ಜಾರಿಕೊಳ್ತಿದ್ದೆ. ಈ ಸಲ ಜಾತ್ರೆ ಬೇಡ. ನನ್ನ ಹೆಂಡತಿಯನ್ನು ಬಿಟ್ಟು ಇನ್ಯಾರಿಗೂ ಪೂರ್ತಿ ಹೇಳದ ಒಂದು ಸಂಗತಿ ಇದೆ. ಅದನ್ನು ಹೇಳದೆ ಇದ್ದದ್ದೇ ತಪ್ಪು ಅಂತ ಈಗೀಗ ಅನ್ನಿಸ್ತಾ ಇದೆ.

2021ರ ನವೆಂಬರ್. ಮಗಳು ಹುಟ್ಟಿದ್ದಳು, ಅಪಾರ್ಟ್‌ಮೆಂಟಿನ ಬಾಡಿಗೆ ಏರ್ತಾ ಇತ್ತು, ಬಡ್ಡಿ ದರ ಬಹಳ ಕಡಿಮೆ, ಮೂರು ಪರ್ಸೆಂಟಿನ ಆಸುಪಾಸು. ಗೆಳೆಯರೆಲ್ಲ ಮನೆ ತಗೊಳ್ತಿದ್ದರು. ನಾವೂ ಒಂದು ಮನೆ ನೋಡಿದೆವು. ಪ್ರೀ-ಅಪ್ರೂವಲ್‌ಗೆ ಅಂತ ಲೋನ್ ಆಫೀಸರ್ ಹತ್ತಿರ ಹೋದಾಗ ನನಗೆ ಯಾವ ಅನುಮಾನವೂ ಇರಲಿಲ್ಲ. ಕೆಲಸ ಭದ್ರ, ಡೌನ್ ಪೇಮೆಂಟಿಗೆ ದುಡ್ಡಿತ್ತು, ಒಂದು ದಿನವೂ ಕ್ರೆಡಿಟ್ ಕಾರ್ಡ್ ಬಿಲ್ಲು ತಡ ಮಾಡಿದವನಲ್ಲ. ಫೋನಿನಲ್ಲಿದ್ದ ಆ್ಯಪ್ 690 ಚಿಲ್ಲರೆ ಸ್ಕೋರು ತೋರಿಸ್ತಿತ್ತು. ಅಂಥಾ ದೊಡ್ಡದೇನಲ್ಲ, ಆದರೆ ಕೆಟ್ಟದ್ದೂ ಅಲ್ಲ ಅಂದುಕೊಂಡಿದ್ದೆ.

ಆಫೀಸರ್ ಎರಡು ದಿನ ಬಿಟ್ಟು ಫೋನ್ ಮಾಡಿದರು. ಮೂರು ಬ್ಯೂರೋಗಳ ಅಂಕಗಳು 604, 611, 668. ಮನೆ ಸಾಲಕ್ಕೆ ಮೂರರಲ್ಲಿ ನಡುವಿನದನ್ನು ತಗೊಳ್ತಾರೆ. ಅಂದರೆ 611. ಮಾಮೂಲಿ ಕನ್ವೆನ್ಷನಲ್ ಸಾಲಕ್ಕೆ ಆಗ ಕೆಳಗಿನ ಗೆರೆ 620. ಒಂಬತ್ತು ಅಂಕ ಕಡಿಮೆ.

ಆ ಸಂಜೆ ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನೀನು ಯಾರ ಹತ್ರನೂ ಸಾಲ ಉಳಿಸ್ಕೊಂಡಿಲ್ವಲ್ಲಪ್ಪ, ಮತ್ಯಾಕೆ ಕೊಡಲ್ಲ ಅಂದ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮೂರಿನಲ್ಲಿ ಸಾಲ ಬೇಕಾದರೆ ಅಪ್ಪ ಹೋಗ್ತಿದ್ದದ್ದು ಪತ್ತಿನ ಸಹಕಾರ ಸಂಘಕ್ಕೆ. ಬೋರ್ಡಿನ ಮೇಲಿರುವ ಆ 'ಪತ್ತು' ಅನ್ನುವ ಪದಕ್ಕೆ ನಂಬಿಕೆ ಅಂತಲೇ ಅರ್ಥ ಅಂತ ನಾನು ಯೋಚನೆ ಮಾಡಿದ್ದೂ ಇಲ್ಲ. ಅಲ್ಲಿಯ ಸೆಕ್ರೆಟರಿಗೆ ಅಪ್ಪ ಗೊತ್ತು, ಅಪ್ಪನ ತೋಟ ಗೊತ್ತು, ಹಿಂದಿನ ವರ್ಷ ಕೊಬ್ಬರಿ ರೇಟು ಬಿದ್ದು ಕಂತು ಯಾಕೆ ತಡ ಆಯ್ತು ಅನ್ನೋದೂ ಗೊತ್ತು. ಇಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅನ್ನುವ ಮೂರು ಖಾಸಗಿ ಕಂಪನಿಗಳ ಹತ್ತಿರ ನಮ್ಮ ಹೆಸರಿನ ಒಂದೊಂದು ಫೈಲು ಇದೆ, ಅಷ್ಟೆ. ಆ ಫೈಲು ನಮ್ಮ ಬಗ್ಗೆ ಏನು ಹೇಳುತ್ತೋ ಅದೇ ನಾವು. ನಮ್ಮ ಸಿಬಿಲ್ ಸ್ಕೋರು, ಊರಿನ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಅಪ್ಪ ಉಳಿಸಿಕೊಂಡ ಹೆಸರು, ಯಾವುದೂ ವಿಮಾನ ಹತ್ತಿ ಬರುವುದಿಲ್ಲ.

ನಾನು ಆ ಫೈಲನ್ನು ಏಳು ವರ್ಷದಲ್ಲಿ ಒಂದು ಸಲವೂ ತೆರೆದು ನೋಡಿರಲಿಲ್ಲ. ಆ್ಯಪ್‌ನಲ್ಲಿ ಕಾಣುವ ಅಂಕ ಬೇರೆ, ಫೈಲು ಬೇರೆ. ಆ್ಯಪ್ ತೋರಿಸ್ತಿದ್ದದ್ದು ಒಂದೇ ಬ್ಯೂರೋದ್ದು, ಅದೂ ವಾಂಟೇಜ್ ಸ್ಕೋರ್ ಎಂಬ ಬೇರೆ ಲೆಕ್ಕದ್ದು. ಮನೆ ಸಾಲ ಕೊಡುವವರು ನೋಡುತ್ತಿದ್ದದ್ದು ಫೈಕೋದ ಹಳೇ ಆವೃತ್ತಿಗಳನ್ನು. (ಇನ್ನು ಮುಂದೆ ವಾಂಟೇಜ್ 4.0ಕ್ಕೂ ಅವಕಾಶ ಕೊಡ್ತೇವೆ ಅಂತ 2025ರ ಜುಲೈನಲ್ಲಿ ಸರ್ಕಾರದ ಕಡೆಯಿಂದ ಪ್ರಕಟಿಸಿದ್ದಾರೆ. ಆದರೂ ಆ್ಯಪ್ ನೋಡಿ ನಿಶ್ಚಿಂತೆಯಿಂದ ಇರಬೇಡಿ.) ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್ ಅನ್ನುವ ತಾಣದಲ್ಲಿ ಮೂರೂ ರಿಪೋರ್ಟುಗಳನ್ನು ಬಿಟ್ಟಿಯಾಗಿ ನೋಡಬಹುದು. ಮೊದಲು ಕಾನೂನಿನ ಪ್ರಕಾರ ವರ್ಷಕ್ಕೊಂದು ಸಲ ಇತ್ತು, ಈಗ ವಾರಕ್ಕೊಂದು ಸಲ ನೋಡಬಹುದು. ಅದೇ ರಾತ್ರಿ ಕೂತು ಮೂರನ್ನೂ ಇಳಿಸಿಕೊಂಡೆ.

ಮೂರು ಕಲೆ ಕಂಡವು. ಒಂದು ನನ್ನ ತಪ್ಪು. ಒಂದು ತಪ್ಪೇ ಅಲ್ಲ, ಆದರೆ ತಪ್ಪಿನ ಹಾಗೆ ಕಾಣುವಂಥದ್ದು. ಇನ್ನೊಂದಂತೂ ನನ್ನದೇ ಅಲ್ಲ.

ನನ್ನ ತಪ್ಪಿನ ಮೊತ್ತ 87 ಡಾಲರ್. ಕ್ಯಾಂಪಸ್ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ನಾವು ನಾಲ್ಕು ಜನ ಇದ್ದೆವು, ನಿಮ್ಮ ಹಾಗೇ. ಕರೆಂಟು ಒಬ್ಬನ ಹೆಸರಲ್ಲಿ, ಗ್ಯಾಸು ಇನ್ನೊಬ್ಬನ ಹೆಸರಲ್ಲಿ, ಇಂಟರ್‌ನೆಟ್ ನನ್ನ ಹೆಸರಲ್ಲಿ. 2016ರ ಆಗಸ್ಟಿನಲ್ಲಿ ನಾನು ಕೆಲಸಕ್ಕೆ ಅಂತ ಊರು ಬಿಟ್ಟೆ. ಮೋಡೆಮ್ ವಾಪಸ್ ಕೊಡೋ ಕೆಲಸ ರೂಂಮೇಟ್‌ಗೆ ವಹಿಸಿದೆ. ಅವನು ಕೊಟ್ಟೆ ಅಂದ. ಕೊಟ್ಟಿದ್ದನೋ, ಕೌಂಟರಿನಲ್ಲಿ ಇಟ್ಟು ರಸೀದಿ ಇಲ್ಲದೆ ಬಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಮೇಲೆ ನನಗೆ ಸಿಟ್ಟೂ ಇಲ್ಲ, ಖಾತೆ ನನ್ನ ಹೆಸರಲ್ಲಿತ್ತು. ಕೊನೇ ಬಿಲ್ಲು ಹಳೇ ವಿಳಾಸಕ್ಕೆ ಬಂತು. ಅಲ್ಲಿ ಆಗಲೇ ಹೊಸ ಹುಡುಗರು ಸೇರಿಕೊಂಡಿದ್ದರು. ನನ್ನ ಪೋಸ್ಟನ್ನು ಹೊಸ ವಿಳಾಸಕ್ಕೆ ಕಳಿಸಿ ಅಂತ ಅಂಚೆ ಇಲಾಖೆಗೆ ಹೇಳಬಹುದು ಅನ್ನೋದೂ ನನಗೆ ಗೊತ್ತಿರಲಿಲ್ಲ. ಬಿಲ್ಲು ಕಲೆಕ್ಷನ್ ಏಜೆನ್ಸಿಗೆ ಹೋಯ್ತು. ಅವರು ಬ್ಯೂರೋಗಳಿಗೆ ಬರೆದರು. ನೋ ಡ್ಯೂ ಫಾರಂ ಹಿಡಿದು ಇಂಟರ್‌ನೆಟ್ ಕಂಪನಿಯ ಕೌಂಟರಿಗೆ ನಾನೇ ಹೋಗಿದ್ದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ.

ಎರಡನೆಯದು ಕ್ರೆಡಿಟ್ ಕಾರ್ಡು. ನನ್ನ ಹತ್ತಿರ ಇದ್ದದ್ದು ಒಂದೇ, 1,500 ಡಾಲರ್ ಮಿತಿಯದು. ವಿದ್ಯಾರ್ಥಿಯಾಗಿದ್ದಾಗ ತಗೊಂಡದ್ದು, ಮಿತಿ ಏರಿಸಿಕೊಳ್ಳಲೂ ಇಲ್ಲ. ಸರ್ವಜ್ಞನ ಸಾಲದ ವಚನ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರು ನಾವು. ಒಂದು ಕಾರ್ಡೇ ಜಾಸ್ತಿ ಅನ್ನೋ ಮನಸ್ಸು. ತಿಂಗಳ ಖರ್ಚೆಲ್ಲ ಅದರಲ್ಲೇ, 1,300-1,400 ಆಗ್ತಿತ್ತು, ಗಡುವಿನೊಳಗೆ ಪೂರ್ತಿ ಕಟ್ಟುತ್ತಿದ್ದೆ. ಒಂದು ಸೆಂಟ್ ಬಡ್ಡಿ ಕೊಟ್ಟಿಲ್ಲ. ಆದರೆ ಕಾರ್ಡಿನವರು ಬ್ಯೂರೋಗೆ ಸಾಮಾನ್ಯವಾಗಿ ತಿಳಿಸುವುದು ಸ್ಟೇಟ್‌ಮೆಂಟ್ ತಯಾರಾದ ದಿನದ ಬಾಕಿ. ಗಡುವಿಗೆ ಮೂರು ವಾರ ಮುಂಚೆ. ಫೈಲು ಓದುವವರ ಕಣ್ಣಿಗೆ ನಾನು ಪ್ರತಿ ತಿಂಗಳೂ ಮಿತಿಯ ಶೇಕಡಾ ತೊಂಬತ್ತು ಸಾಲ ಎಳೆದು ಕೂತವನು. ಫೈಕೋ ಲೆಕ್ಕದಲ್ಲಿ ಸರಿಯಾದ ಸಮಯಕ್ಕೆ ಕಟ್ಟಿದ್ದಕ್ಕೆ ಶೇ 35, ಎಷ್ಟು ಬಾಕಿ ಇದೆ ಅನ್ನುವುದಕ್ಕೆ ಶೇ 30, ಖಾತೆಗಳ ವಯಸ್ಸಿಗೆ ಶೇ 15 ತೂಕ. ಉಳಿದದ್ದು ಹೊಸ ಸಾಲಗಳಿಗೆ ಮತ್ತು ಸಾಲದ ಬಗೆಗಳಿಗೆ ಹತ್ತತ್ತು. ಆ ಮೂವತ್ತರಲ್ಲಿ ನಾನು ಹೆಚ್ಚುಕಮ್ಮಿ ಫೇಲು.

ಇದು ಮಾತ್ರ ಸುಲಭವಾಗಿ ರಿಪೇರಿ ಆಗುವಂಥದ್ದು. ಸ್ಟೇಟ್‌ಮೆಂಟ್ ತಾರೀಖಿಗೆ ನಾಲ್ಕು ದಿನ ಮುಂಚೆಯೇ ಬಹುಪಾಲು ಕಟ್ಟಿಬಿಟ್ಟೆ, ಮಿತಿ ಏರಿಸಿ ಅಂತ ಕೇಳಿದೆ. ಆ ಹಳೇ ಲೆಕ್ಕಕ್ಕೆ ಈ ವಿಷಯದಲ್ಲಿ ಹೋದ ತಿಂಗಳ ನೆನಪಿಲ್ಲ, ಈ ತಿಂಗಳ ಬಾಕಿ ಎಷ್ಟು ಅಂತಷ್ಟೇ ನೋಡುತ್ತೆ. ಎರಡೇ ತಿಂಗಳಲ್ಲಿ ಅಂಕ ಮೇಲೆ ಬಂತು. ಅಂದ ಹಾಗೆ, ಕಾರ್ಡು ಕಮ್ಮಿ ಇದ್ದಷ್ಟೂ ಒಳ್ಳೇದು ಅಂದುಕೊಂಡು ಹಳೇ ಕಾರ್ಡನ್ನು ಕ್ಲೋಸ್ ಮಾಡಬೇಡಿ. ಅದರ ಮಿತಿ ಹೋದರೆ ಉಳಿದ ಕಾರ್ಡಿನ ಮೇಲಿನ ಬಾಕಿ ದೊಡ್ಡದಾಗಿ ಕಾಣುತ್ತೆ.

ಮೂರನೆಯದು ನಮ್ಮ ಜನಕ್ಕೆ ವಿಶೇಷವಾಗಿ ಅಂಟಿಕೊಳ್ಳುವ ಕಾಯಿಲೆ. ನಮ್ಮಲ್ಲಿ ಎಷ್ಟು ಜನಕ್ಕೆ ಸರ್‌ನೇಮ್ ಇದೆ ಹೇಳಿ? ಹೆಸರಿನ ಮುಂದೆ ಎರಡು ಇನಿಷಿಯಲ್ಲು. ಒಂದು ಊರಿಂದು, ಒಂದು ಅಪ್ಪಂದು. ಪಾಸ್‌ಪೋರ್ಟ್ ಆಫೀಸಿನಲ್ಲಿ ಬಿಡಿಸಿ ಬರೀರಿ ಅಂದಾಗ ನಮ್ಮಪ್ಪನ ಹೆಸರು ನನ್ನ ಲಾಸ್ಟ್ ನೇಮ್ ಆಯ್ತು. ಯೂನಿವರ್ಸಿಟಿಯಲ್ಲಿ ಅದನ್ನೇ ಮುಂದೆ ಹಾಕಿದರು. ಬ್ಯಾಂಕಿನಲ್ಲಿ ಊರಿನ ಹೆಸರನ್ನು ಮಿಡಲ್ ನೇಮ್ ಮಾಡಿದರು. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದ ನನ್ನ ಕ್ಲಾಸ್‌ಮೇಟ್ ಒಬ್ಬನಿಗೆ ವೀಸಾದಲ್ಲಿ 'ಎಫ್‌ಎನ್‌ಯು' ಅಂತ ಬಂತು. ಪಾಪ, ಎರಡು ವರ್ಷ ಅವನನ್ನು ಎಲ್ಲರೂ 'ಫ್ನೂ' ಅಂತಲೇ ಕರೆದರು. ತಮಾಷೆಯಾಗಿತ್ತು. ಆದರೆ ನನ್ನ ಎರಡು ರಿಪೋರ್ಟುಗಳಲ್ಲಿ, ನಾನು ಎಂದೂ ಕಾಲಿಡದ ರಾಜ್ಯದಲ್ಲಿ ತಗೊಂಡ ಒಂದು ಕಾರಿನ ಸಾಲ ಇತ್ತು. ಅದರಲ್ಲಿ ಅರವತ್ತು ದಿನ ತಡವಾದ ಕಂತು ಎರಡು. ನನ್ನದೇ ಹೆಸರು, ಅದೇ ಲಾಸ್ಟ್ ನೇಮ್ ಇರುವ ಯಾರದೋ ಖಾತೆ ನನ್ನ ಫೈಲಿಗೆ ಬಂದು ಸೇರಿಕೊಂಡಿತ್ತು. 611ಕ್ಕೆ ಮುಖ್ಯ ಕಾರಣ ಅದೇ. ಆ ಮಹಾನುಭಾವ ಯಾರು ಅಂತ ನನಗೆ ಗೊತ್ತಾಗಲೇ ಇಲ್ಲ. ಅವನ ಫೈಲಿನಲ್ಲಿ ನನ್ನ ಒಳ್ಳೇ ಖಾತೆ ಏನಾದರೂ ಸೇರಿಕೊಂಡು ಅವನಿಗೆ ಅನುಕೂಲ ಆಗಿದ್ದರೆ ಆಗಲಿ ಬಿಡಿ.

ಇಲ್ಲಿಯವರೆಗಿನದ್ದು ಅಜ್ಞಾನ. ಮುಂದಿನದ್ದು ಹೆಡ್ಡತನ, ಅದನ್ನು ಬರೆಯೋಕೆ ನಾಚಿಕೆ ಆಗುತ್ತೆ.

ನಾನು ಯಾರನ್ನೂ ಕೇಳಲಿಲ್ಲ. ವಾರಕ್ಕೊಮ್ಮೆ ಕ್ರಿಕೆಟ್ ಆಡೋ ಗುಂಪಿನಲ್ಲಿ ಮನೆ ಕೊಂಡವರೇ ಏಳೆಂಟು ಜನ ಇದ್ದರು. ಒಬ್ಬರನ್ನ ಕೇಳಿದ್ದರೆ ಸಾಕಿತ್ತು. ಸಾಲ ಸಿಗಲಿಲ್ಲ ಅಂತ ಹೇಳೋದು ಹೇಗೆ? ಏನೋ ಬಾಕಿ ಇಟ್ಟು ಸಿಕ್ಕಿಹಾಕಿಕೊಂಡಿದ್ದಾನೆ ಅಂದುಕೊಂಡರೆ? "ಮನೆ ಯಾಕೋ ಇಷ್ಟ ಆಗ್ಲಿಲ್ಲ, ಸ್ಕೂಲ್ ಡಿಸ್ಟ್ರಿಕ್ಟ್ ಸರಿ ಇಲ್ಲ" ಅಂತ ಹೇಳಿಕೊಂಡು ತಿರುಗಿದೆ. ರಾತ್ರಿ ಹೊತ್ತು ಒಬ್ಬನೇ ಕೂತು ಗೂಗಲ್ ಮಾಡಿ, ಕ್ರೆಡಿಟ್ ರಿಪೇರಿ ಮಾಡಿಕೊಡ್ತೇವೆ ಅನ್ನುವ ಒಂದು ಕಂಪನಿಗೆ ಫೋನ್ ಮಾಡಿದೆ. 399 ಡಾಲರ್ ಮುಂಗಡ, ಆಮೇಲೆ ತಿಂಗಳಿಗೆ 99. ಎಲ್ಲವನ್ನೂ ಅಳಿಸಿ ಹಾಕ್ತೇವೆ ಅಂದರು. ಕಟ್ಟಿದೆ.

ಅವರು ಮಾಡಿದ್ದೇನು ಅಂದರೆ, ನನ್ನ ಫೈಲಿನಲ್ಲಿದ್ದ ಎಲ್ಲ ಖಾತೆಗಳ ಮೇಲೂ, ನನ್ನ ನಿಜವಾದ 87 ಡಾಲರ್ ಮೇಲೂ ಸೇರಿಸಿ, ಇದು ನನ್ನದಲ್ಲ ಅಂತ ಒಂದೇ ಅಚ್ಚಿನ ತಕರಾರು ಪತ್ರ ಕಳಿಸಿದರು. ಬ್ಯೂರೋದವರು ಅದನ್ನು ಅಷ್ಟೇ ಯಾಂತ್ರಿಕವಾಗಿ ತಳ್ಳಿಹಾಕಿದರು. ಇನ್ನೊಂದು ವಿಷಯ ಆಮೇಲೆ ಗೊತ್ತಾಯ್ತು: ಫೈಲಿನಲ್ಲಿ ಹೀಗೆ ತಕರಾರು ಬಾಕಿ ಇದ್ದರೆ ಮನೆ ಸಾಲದವರು ಮುಂದುವರಿಯದೆ ಮೊದಲು ಅದನ್ನು ಬಗೆಹರಿಸಿಕೊಂಡು ಬಾ ಅನ್ನಬಹುದು. ಅಂದರೆ ದುಡ್ಡು ಕೊಟ್ಟು ಗಂಟು ಹಾಕಿಸಿಕೊಂಡ ಹಾಗಾಯ್ತು. ಮೂರನೇ ತಿಂಗಳು ಫೋನಿನಲ್ಲಿದ್ದ ಮನುಷ್ಯ ಇನ್ನೊಂದು ಉಪಾಯ ಹೇಳಿದ. ಸೋಶಿಯಲ್ ಸೆಕ್ಯುರಿಟಿ ನಂಬರಿನ ಬದಲು ಬಳಸೋಕೆ ಒಂಬತ್ತಂಕಿಯ ಬೇರೆ ನಂಬರು ಕೊಡಿಸ್ತೇನೆ, 'ಕ್ರೆಡಿಟ್ ಪ್ರೈವೆಸಿ ನಂಬರ್' ಅಂತ, ಅದರಲ್ಲಿ ಹೊಸ ಫೈಲು ಶುರು ಮಾಡಬಹುದು, ಅಂದ. ಅಷ್ಟು ಹೊತ್ತಿಗೆ ನನಗೆ ಎಚ್ಚರ ಆಯ್ತು. ಅಂಥ ನಂಬರನ್ನು ಸರ್ಕಾರ ಯಾರಿಗೂ ಕೊಡುವುದಿಲ್ಲ. ಸಾಲದ ಅರ್ಜಿಯಲ್ಲಿ ಅದನ್ನು ಬರೆದರೆ ಅದು ಸುಳ್ಳು ಹೇಳಿಕೆ, ಫೆಡರಲ್ ಅಪರಾಧ. ನಾನು ಎಚ್-1ಬಿಯಲ್ಲಿದ್ದವನು! ಮನೆ ಹಾಳಾಗಲಿ, ವೀಸಾ, ಕೆಲಸ, ಎಲ್ಲ ಹೋಗ್ತಿತ್ತು. ದಯವಿಟ್ಟು, ಯಾರೇ ಇಂಥ ನಂಬರಿನ ಮಾತು ಎತ್ತಿದರೂ ಫೋನ್ ಇಟ್ಟುಬಿಡಿ.

ಕೆಲಸ ಮುಗಿಸುವ ಮುಂಚೆ ಇಂಥ ಕಂಪನಿಗಳು ದುಡ್ಡು ಕೇಳುವ ಹಾಗೇ ಇಲ್ಲ ಅಂತ 1996ರ ಕಾನೂನೇ ಇದೆ. ಸಹಿ ಮಾಡಿದ ಮೂರು ದಿನದೊಳಗೆ ರದ್ದು ಮಾಡುವ ಹಕ್ಕೂ ಇದೆ. ಅವರು ಮಾಡಬಹುದಾದ ನ್ಯಾಯವಾದ ಕೆಲಸ ಏನಿದೆಯೋ ಅದಷ್ಟನ್ನೂ ನಾವೇ, ಅಂಚೆ ಖರ್ಚಿನಲ್ಲಿ ಮಾಡಿಕೊಳ್ಳಬಹುದು. ನಿಜವಾದ ಕಲೆಯನ್ನು ಅಳಿಸುವ ಶಕ್ತಿ ಅವರಿಗೂ ಇಲ್ಲ.

2022ರ ಫೆಬ್ರವರಿಯಲ್ಲಿ ನಾನೇ ಪತ್ರ ಬರೆದೆ. ಆ ಕಾರಿನ ಸಾಲ ಒಂದರ ಬಗ್ಗೆ ಮಾತ್ರ. ಪಾಸ್‌ಪೋರ್ಟ್ ಪ್ರತಿ, ಸೋಶಿಯಲ್ ಸೆಕ್ಯುರಿಟಿ ಕಾರ್ಡಿನ ಪ್ರತಿ, ಆ ಕಾಲದಲ್ಲಿ ನಾನು ಎಲ್ಲಿ ವಾಸವಿದ್ದೆ ಅನ್ನುವುದಕ್ಕೆ ಲೀಸು, ಇವನ್ನೆಲ್ಲ ಲಗತ್ತಿಸಿ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆ. ಇಂಥ ತಕರಾರನ್ನು ಬ್ಯೂರೋ ಸಾಮಾನ್ಯವಾಗಿ 30 ದಿನದಲ್ಲಿ ವಿಚಾರಿಸಿ ಉತ್ತರ ಕೊಡಬೇಕು. ಒಂದು ಕಡೆ ತೆಗೆದರು. ಇನ್ನೊಂದು ಕಡೆಯಿಂದ 'ಪರಿಶೀಲಿಸಲಾಗಿದೆ, ಸರಿಯಾಗಿದೆ' ಅಂತ ಒಂದು ಸಾಲಿನ ಉತ್ತರ ಬಂತು. ಆ ಕಾಗದ ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರದೋ ಕಾರು, ನನ್ನದು ಅಂತ ಇವರು ನನಗೇ ಸರ್ಟಿಫಿಕೇಟ್ ಕೊಡ್ತಾರೆ! ಎರಡನೇ ಸಲ ಬರೆಯುವಾಗ ಆ ಕಾರಿನ ಸಾಲ ಕೊಟ್ಟ ಸಂಸ್ಥೆಗೂ ಪತ್ರ ಕಳಿಸಿದೆ, ಗ್ರಾಹಕರ ಹಣಕಾಸು ರಕ್ಷಣೆಯ ಫೆಡರಲ್ ಇಲಾಖೆಗೆ ಆನ್‌ಲೈನ್ ದೂರನ್ನೂ ಹಾಕಿದೆ. ಮೇ ತಿಂಗಳಲ್ಲಿ ಅದೂ ಹೋಯ್ತು.

87 ಡಾಲರನ್ನು ಕಟ್ಟಿದೆ. ಆದರೆ ಕಲೆ ಹೋಗಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಹಳೇ ಕಲೆಕ್ಷನ್ನನ್ನು ಕಟ್ಟಿದ ತಕ್ಷಣ ಅಂಕ ಏರುತ್ತೆ ಅಂತಿಲ್ಲ. ಫೈಕೋದ ಹೊಸ ಆವೃತ್ತಿಗಳು ಕಟ್ಟಿ ಮುಗಿಸಿದ ಕಲೆಕ್ಷನ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆ ಸಾಲದವರು ನೋಡುತ್ತಿದ್ದ ಹಳೇ ಆವೃತ್ತಿಗಳು ಹಿಡಿಯುತ್ತವೆ. ಮೊದಲು ಬಾಕಿಯಾದ ದಿನದಿಂದ ಏಳು ವರ್ಷ ಅದು ಫೈಲಿನಲ್ಲಿರಬಹುದು. ನಡುವೆ ಕಟ್ಟಿದಿರಿ ಅಂತ ಆ ಏಳು ವರ್ಷ ಮತ್ತೆ ಮೊದಲಿಂದ ಶುರುವಾಗಲ್ಲ. (ಕೋರ್ಟಿಗೆ ಹೋಗಿ ವಸೂಲಿ ಮಾಡುವ ಅವಧಿ ಬೇರೆ, ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಕಡೆ ಸ್ವಲ್ಪ ಕಟ್ಟಿದರೂ ಆ ಗಡಿಯಾರ ಮತ್ತೆ ಓಡತೊಡಗುತ್ತೆ. ಹಳೇ ದೊಡ್ಡ ಬಾಕಿ ಇದ್ದವರು ವಿಚಾರಿಸಿಕೊಂಡೇ ಕೈ ಹಾಕಿ.) ಕಟ್ಟುವ ಮುಂಚೆ, ಕಟ್ಟಿದರೆ ತೆಗೆದುಹಾಕ್ತೀರಾ ಅಂತ ಬರಹದಲ್ಲಿ ಕೇಳಬಹುದು. ಒಪ್ಪಲೇಬೇಕು ಅಂತಿಲ್ಲ, ನನಗೆ ಒಪ್ಪಲಿಲ್ಲ. 2023ರಲ್ಲಿ ಅದು ತಾನಾಗಿಯೇ ಉದುರಿಹೋಯ್ತು. ಆಸ್ಪತ್ರೆ ಬಿಲ್ಲಿನ ಕಲೆಕ್ಷನ್ ಇದ್ದವರಿಗೆ ಸ್ವಲ್ಪ ನೆಮ್ಮದಿ: ಕಟ್ಟಿ ಮುಗಿಸಿದ್ದು, 500 ಡಾಲರಿಗಿಂತ ಕಡಿಮೆಯದ್ದು, ಒಂದು ವರ್ಷ ತುಂಬದ್ದು, ಇವನ್ನು ಮೂರೂ ಬ್ಯೂರೋಗಳು 2022-23ರಲ್ಲಿ ಫೈಲಿನಿಂದ ಕೈಬಿಟ್ಟಿವೆ. ಹಾಗಿದ್ದೂ ನಿಮ್ಮದರಲ್ಲಿ ಕಂಡರೆ ಪತ್ರ ಬರೆಯಿರಿ.

ಜೂನಿನಲ್ಲಿ ನಡುವಿನ ಅಂಕ 735. ಜುಲೈನಲ್ಲಿ ಸಾಲ ಸಿಕ್ತು, 5.5 ಪರ್ಸೆಂಟಿಗೆ. ನವೆಂಬರಿನಲ್ಲಿ ಅದೇ ಆಫೀಸರ್, ಸ್ಕೋರು ಸರಿ ಇದ್ದಿದ್ದರೆ 3.25ಕ್ಕೆ ಕೊಡ್ತಿದ್ದೆ ಅಂದಿದ್ದರು. 3,20,000 ಡಾಲರ್ ಸಾಲ, ಮೂವತ್ತು ವರ್ಷ. ನೀವೇ ಲೆಕ್ಕ ಹಾಕಿ: 3.25ಕ್ಕೆ ತಿಂಗಳ ಕಂತು ಸುಮಾರು 1,393, 5.5ಕ್ಕೆ 1,817. ತಿಂಗಳಿಗೆ 424 ಡಾಲರ್ ವ್ಯತ್ಯಾಸ. ದರ ಏರಿದ್ದಕ್ಕೆ ನಾನು ಕಾರಣ ಅಲ್ಲ, ನಿಜ. ಆದರೆ ರಿಪೇರಿ ಕಂಪನಿಗೆ ದಾನ ಮಾಡಿದ ಆ ಮೂರು ತಿಂಗಳು ನನ್ನ ಕೈಯಲ್ಲೇ ಇತ್ತು. ಪ್ರತಿ ತಿಂಗಳು ಒಂದನೇ ತಾರೀಖು ಅದು ನೆನಪಾಗುತ್ತೆ.

ಇನ್ನೊಂದು ಬಾಗಿಲು ಆಗ ತೆರೆದಿತ್ತು. ಆಫೀಸರ್ ಅವತ್ತೇ ಹೇಳಿದ್ದರು, ಎಫ್‌ಎಚ್‌ಎ ಸಾಲ ತಗೋ, 580 ಇದ್ದರೆ ಮೂರೂವರೆ ಪರ್ಸೆಂಟ್ ಡೌನ್ ಪೇಮೆಂಟಿಗೂ ಕೊಡ್ತಾರೆ ಅಂತ. ಅದರ ಮೇಲಿನ ಇನ್ಶೂರೆನ್ಸ್ ಖರ್ಚು ನೋಡಿ, ಸ್ವಲ್ಪ ಬಿಗುಮಾನಕ್ಕೂ, ಬೇಡ ಅಂದೆ. ಈಗ ಕೂತು ನೋಡಿದರೆ ತಗೊಂಡಿದ್ದರೇ ಒಳ್ಳೇದಿತ್ತೇನೋ. ನಿಮಗೆ ಆ ಬಾಗಿಲೂ ಇಲ್ಲ. 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದ ವೀಸಾದವರಿಗೆ ಎಫ್‌ಎಚ್‌ಎ ಸಾಲ ಸಿಗುವುದಿಲ್ಲ. ಎಚ್-1ಬಿಯವರಿಗೆ ಕನ್ವೆನ್ಷನಲ್ ಸಾಲ ಸಿಗುತ್ತೆ, ಆದರೆ ಅಲ್ಲಿ ಅಂಕ ಕಡಿಮೆ ಇದ್ದಷ್ಟೂ ಬಡ್ಡಿ ಜಾಸ್ತಿ. ಕೆಟ್ಟ ಸ್ಕೋರಿನವರಿಗೆ ಇದ್ದ ಪಕ್ಕದ ದಾರಿ ನಮ್ಮ ಜನಕ್ಕೆ ಮುಚ್ಚಿದೆ. ಹಾಗಾಗಿ ಈಗ ಓದ್ತಾ ಇರುವ ನಿಮ್ಮ ಪಾಲಿಗೆ ಈ ಫೈಲು ನನ್ನ ಕಾಲಕ್ಕಿಂತ ಜಾಸ್ತಿ ಮುಖ್ಯ.

"ಅಣ್ಣ, ನಾವಿನ್ನೂ ಟಿ.ಎ. ಸಂಬಳದಲ್ಲಿ ಮ್ಯಾಗಿ ತಿಂತಾ ಇದ್ದೀವಿ, ನೀವು ಮನೆ ಸಾಲ ಅಂತೀರಲ್ಲ" ಅನ್ನಬಹುದು. ಅದಕ್ಕೇ ಈಗ ಹೇಳ್ತಾ ಇರೋದು. ಇವತ್ತು ಬಿದ್ದ ಕಲೆ ಏಳು ವರ್ಷ ಇರುತ್ತೆ. ಎಂ.ಎಸ್. ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ ಮನೆ ನೋಡುವ ಹೊತ್ತಿಗೆ ಸರಿಯಾಗಿ ಆರನೇ ವರ್ಷ. ಮನೆಯೇ ಬೇಡ ಅನ್ನುವವರಿಗೂ, ಬಾಡಿಗೆ ಕೊಡುವವರು ಫೈಲು ನೋಡ್ತಾರೆ, ಬಹಳ ರಾಜ್ಯಗಳಲ್ಲಿ ಕಾರಿನ ಇನ್ಶೂರೆನ್ಸಿನವರೂ ನೋಡ್ತಾರೆ.

ನಮ್ಮ ಹುಡುಗರಲ್ಲಿ ಈಗ ಇನ್ನೊಂದು ಪಂಗಡವೂ ಇದೆ. ಪಾಯಿಂಟ್ಸ್‌ಗೋಸ್ಕರ ಹದಿನಾಲ್ಕು ಕಾರ್ಡು ಇಟ್ಟುಕೊಂಡು, ಬಿಸಿನೆಸ್ ಕ್ಲಾಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದ ಫೋಟೋ ಹಾಕುವವರು. ಗಡುವಿಗೆ ಕಟ್ಟುತ್ತಿದ್ದರೆ ನನ್ನದೇನೂ ತಕರಾರಿಲ್ಲ. ಆದರೆ 800 ಸ್ಕೋರು ಬಂದದ್ದನ್ನು ಚಿನ್ನದ ಪದಕದ ಹಾಗೆ ತೋರಿಸುವುದು ನೋಡಿದರೆ ನಗು ಬರುತ್ತೆ. ಅದು ಗುಣದ ಸರ್ಟಿಫಿಕೇಟ್ ಅಲ್ಲ. 604 ಇದ್ದಾಗಲೂ ನಾನು ಇದೇ ಮನುಷ್ಯ. ಆ ಅಂಕವನ್ನು ಗುಣ ಅಂದುಕೊಂಡದ್ದರಿಂದಲೇ ಅಲ್ಲವೇ ನಾನು ಬಾಯಿ ಮುಚ್ಚಿಕೊಂಡು ಆ ಕಂಪನಿಯ ಕೈಗೆ ಸಿಕ್ಕಿದ್ದು? ಜಿಪಿಎ ಕಮ್ಮಿ ಬಂದರೆ ಹೇಳಿಕೊಳ್ತೇವೆ, ಎಚ್-1ಬಿ ಲಾಟರಿಯಲ್ಲಿ ಬರಲಿಲ್ಲ ಅಂದರೆ ಗುಂಪಿನಲ್ಲಿ ಕೂತು ಅಳ್ತೇವೆ. ಇದನ್ನು ಮಾತ್ರ ಮುಚ್ಚಿಡ್ತೇವೆ. ಸಾಲದ ಮಾತು ನಾಲ್ಕು ಜನರೆದುರು ಆಡಬಾರದು ಅಂತ ನಮ್ಮ ಮನೆಗಳಲ್ಲಿ ಕಲಿಸಿದ್ದಾರೆ. ಊರಿನಲ್ಲಿ ಅದು ಸರಿಯೇ ಇರಬಹುದು, ಇಲ್ಲಿ ಅದರಿಂದ ಲಾಭ ಆಗೋದು ತಿಂಗಳಿಗೆ 99 ಡಾಲರ್ ಕೇಳುವವರಿಗೆ.

ಈ ವ್ಯವಸ್ಥೆ ನ್ಯಾಯವಾದದ್ದು ಅಂತ ನಾನು ಹೇಳ್ತಾ ಇಲ್ಲ. ನಾವು ಕೇಳದೆ ನಮ್ಮ ಬಗ್ಗೆ ಫೈಲು ಇಡ್ತಾರೆ, ತಪ್ಪು ಬರೀತಾರೆ, ತಿದ್ದುವ ಕೂಲಿ ಕೆಲಸ ಮಾತ್ರ ನಮ್ಮದು. 2017ರಲ್ಲಿ ಎಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳ್ಳತನ ಆಯ್ತು. ಅದಾದ ಮೇಲೆ ಬಂದ ಒಂದು ಒಳ್ಳೇದು, ಫೈಲಿಗೆ ಬೀಗ ಹಾಕುವ ಫ್ರೀಜ್ ಈಗ ಎಲ್ಲರಿಗೂ ಬಿಟ್ಟಿ. ಸದ್ಯಕ್ಕೆ ಹೊಸ ಕಾರ್ಡು ಬೇಡ ಅನ್ನುವವರು ಹಾಕಿಟ್ಟುಕೊಳ್ಳಿ.

ಊರಿನಲ್ಲಿ ಎಜುಕೇಷನ್ ಲೋನ್ ಮಾಡಿ ಬಂದವರಿಗೆ ಒಂದು ಮಾತು. ಅದು ಇಲ್ಲಿನ ಫೈಲಿನಲ್ಲಿ ಕಾಣಲ್ಲ. ಕಾಣಲ್ಲ ಅಂತ ಮನೆ ಸಾಲದ ಅರ್ಜಿಯಲ್ಲಿ ಮುಚ್ಚಿಡಬೇಡಿ, ಇರುವ ಸಾಲವನ್ನೆಲ್ಲ ಹೇಳಬೇಕು ಅಂತ ಅದರಲ್ಲೇ ಸಹಿ ಮಾಡಿಸಿಕೊಳ್ತಾರೆ. ಕಂತು ತಪ್ಪಿಸಿದರೆ ಇಲ್ಲಿ ನಿಮಗೆ ಏನೂ ಆಗದೆ ಇರಬಹುದು, ಜೊತೆಗೆ ಸಹಿ ಹಾಕಿದ ಅಪ್ಪನ ಸಿಬಿಲ್ ಅಲ್ಲಿ ಕೆಡುತ್ತೆ.

ಈಗ ನನ್ನ ಕೋರಿಕೆ, ಸಂಘಕ್ಕೆ. ಆಗಸ್ಟ್ ಬಂದರೆ ನಾವು ಚೆನ್ನಾಗಿಯೇ ಮಾಡ್ತೇವೆ. ಏರ್‌ಪೋರ್ಟಿನಿಂದ ಕರಕೊಂಡು ಬರೋದು, ಹಳೇ ಹಾಸಿಗೆ ಹೊಂದಿಸಿಕೊಡೋದು, ಭಾನುವಾರ ಬಿಸಿಬೇಳೆಬಾತು. ಮೇ ತಿಂಗಳಲ್ಲಿ ಊರು ಬಿಟ್ಟು ಹೋಗುವವರನ್ನು ಮಾತ್ರ ಒಂದು ಫೋಟೋ ತೆಗೆದು ಕಳಿಸಿಬಿಡ್ತೇವೆ. ಹೋಗುವವರಿಗೆ ಒಂದು ನೋ ಡ್ಯೂ ಫಾರಂ ಮಾಡೋಣ. ಕರೆಂಟು ಯಾರ ಹೆಸರಲ್ಲಿತ್ತು, ಕೊನೇ ಬಿಲ್ಲು ಕಟ್ಟಿದ ರಸೀದಿ ಎಲ್ಲಿ, ಮೋಡೆಮ್ ಕೊಟ್ಟ ರಸೀದಿ ಎಲ್ಲಿ, ಪೋಸ್ಟಿಗೆ ಹೊಸ ವಿಳಾಸ ಕೊಟ್ಟಿರಾ, ಯೂನಿವರ್ಸಿಟಿ ಹೆಲ್ತ್ ಸೆಂಟರಿನಲ್ಲಿ ಏನಾದರೂ ಬಾಕಿ ಇದೆಯಾ. ಒಂದು ಪುಟ ಸಾಕು. ಅದನ್ನು ತುಂಬದೆ ಬೀಳ್ಕೊಡುಗೆಯ ಹೋಳಿಗೆ ಊಟಕ್ಕೆ ಕೂಪನ್ ಇಲ್ಲ ಅಂತ ನಿಯಮ ಮಾಡಿದರೆ ಎಲ್ಲರೂ ತುಂಬ್ತಾರೆ.

ಬರುವ ಆಗಸ್ಟಿನ ಸ್ವಾಗತ ಕೂಟಕ್ಕೆ ನಾನೂ ಬರ್ತೇನೆ, ಊಟದ ಕೌಂಟರ್ ಪಕ್ಕ ಒಂದು ಮೇಜು ಹಾಕಿಕೊಂಡು ಕೂತಿರ್ತೇನೆ. ಬಂದು ಒಂದು ವರ್ಷ ದಾಟಿದವರು, ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುವವರು ನಿಮ್ಮದೇ ಲ್ಯಾಪ್‌ಟಾಪ್ ತನ್ನಿ. ನಂಬರನ್ನು ನನಗೆ ಹೇಳೋದು ಬೇಡ, ನೀವೇ ಟೈಪ್ ಮಾಡಿ, ನೀವೇ ನೋಡಿ. ಏನಾದರೂ ಕಂಡರೆ ಪತ್ರ ಅಲ್ಲೇ ಕೂತು ಬರೆಯೋಣ, ನನ್ನ ಹಳೇ ಪತ್ರಗಳ ಪ್ರತಿ ತರ್ತೇನೆ. ಬರುವಾಗ ಇಲ್ಲಿಗೆ ಬಂದಾಗಿನಿಂದ ಇದ್ದ ಮನೆಗಳ ವಿಳಾಸಗಳನ್ನೆಲ್ಲ ನೆನಪು ಮಾಡಿಕೊಂಡು ಬನ್ನಿ. ರಿಪೋರ್ಟ್ ತೆರೆಯುವ ಮುಂಚೆ ನೀವು ನೀವೇ ಅಂತ ಖಾತ್ರಿ ಮಾಡಿಕೊಳ್ಳೋಕೆ ಅದನ್ನೇ ಕೇಳ್ತಾರೆ, ನಾನು ಮೊದಲ ಸಲ ಅದರಲ್ಲೂ ತಪ್ಪು ಉತ್ತರ ಕೊಟ್ಟಿದ್ದೆ.